ಪ್ರಗತಿ ಪತ್ರದ ‘ಎ’ ಯಾವುದಕ್ಕೆ ಸಿಕ್ಕಿದ್ದು? ಕಲಿತಿದ್ದಕ್ಕೋ, ಕೊಟ್ಟ ಕೆಲಸ ಮುಗಿಸಿದ್ದಕ್ಕೋ?

ದಸರಾ ರಜೆಯ ಆಸುಪಾಸಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಬ್ಯಾಗಿನಲ್ಲಿ ಪ್ರಗತಿ ಪತ್ರ ಮನೆಗೆ ಬರುತ್ತದೆ. ನಾಲ್ಕನೇ ತರಗತಿ, ಗಣಿತಕ್ಕೆ ‘ಎ’. ಮನೆಯವರು ಸಂತೋಷದಿಂದ ಸಹಿ ಹಾಕುತ್ತಾರೆ. ಅದೇ ಮಗುವಿನ ಕೈಗೆ 50 ರೂಪಾಯಿ ಕೊಟ್ಟು 27 ರೂಪಾಯಿಯ ಸಾಮಾನು ತರಲು ಕಳಿಸಿ, ಎಷ್ಟು ಚಿಲ್ಲರೆ ವಾಪಸ್ ಬರಬೇಕು ಅಂತ ಕೇಳಿದರೆ ತಡವರಿಸುತ್ತದೆ. ಪಕ್ಕದ ಮನೆಯಲ್ಲಿ ಇದರ ತಿರುವುಮುರುವು: ಲೆಕ್ಕವನ್ನು ಬಾಯಲ್ಲೇ ಹೇಳಿಬಿಡುವ ಹುಡುಗನಿಗೆ ‘ಬಿ+’.

ಇಲ್ಲಿ ಶಿಕ್ಷಕರು ಅಂಕ ಹಾಕುವಾಗ ಎಡವಿದ್ದಾರೆ ಎಂದೇ ತಿಳಿಯಬೇಕಿಲ್ಲ. ಗ್ರೇಡ್ ಎಂಬ ಒಂದೇ ಅಕ್ಷರದೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ಮಗುವಿಗೆ ಈಗ ಏನು ಬರುತ್ತದೆ ಎಂಬುದು. ಇನ್ನೊಂದು, ಶಾಲೆ ಕೊಟ್ಟ ಕೆಲಸದಲ್ಲಿ ಎಷ್ಟನ್ನು, ಎಷ್ಟು ಅಚ್ಚುಕಟ್ಟಾಗಿ, ಹೇಳಿದ ದಿನಕ್ಕೆ ಮಾಡಿ ಒಪ್ಪಿಸಿದೆ ಎಂಬುದು. ಊರಿನ ಹಾಲಿನ ಡೇರಿಯಲ್ಲಿ ಕೊಡುವ ಚೀಟಿ ನೋಡಿ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ಬೇರೆ ಬೇರೆ ಬರೆದು, ಕೊನೆಗೆ ಹಣ ಬರೆದಿರುತ್ತದೆ. ಹಣದ ಅಂಕಿಯೊಂದನ್ನೇ ನೋಡಿದವನಿಗೆ ಹಾಲು ಹೆಚ್ಚಿತ್ತೋ ಗಟ್ಟಿಯಿತ್ತೋ ತಿಳಿಯುವುದಿಲ್ಲ. ಗ್ರೇಡ್ ಆ ಕೊನೆಯ ಅಂಕಿಯಂತೆ.

ಮೊದಲು ಪದಗಳು

ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 1ರಿಂದ 8ನೇ ತರಗತಿವರೆಗೆ ನಡೆಯುವುದು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. ಶಿಕ್ಷಕರ ಬಾಯಲ್ಲಿ ಇದು ಬರೀ ‘ಸಿಸಿಇ’. ಇದರಲ್ಲಿ ಎರಡು ಬಗೆ.

ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್‌ಎ. ಪಾಠ ನಡೆಯುತ್ತಿರುವಾಗಲೇ ಮಗು ಎಲ್ಲಿ ತೊಡಕಿಗೆ ಸಿಕ್ಕಿದೆ ಎಂದು ನೋಡಿಕೊಳ್ಳುವುದು. ಚಟುವಟಿಕೆ, ಮೌಖಿಕ ಪ್ರಶ್ನೆ, ಯೋಜನಾಕಾರ್ಯ, ಕಿರು ಪರೀಕ್ಷೆ, ನೋಟ್‌ಬುಕ್ ಎಲ್ಲವೂ ಇದರಡಿ ಬರುತ್ತವೆ. ವರ್ಷಕ್ಕೆ ನಾಲ್ಕು.

ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ಎಸ್‌ಎ. ಒಂದಷ್ಟು ಪಾಠ ಮುಗಿದ ಮೇಲೆ, ಒಟ್ಟು ಎಷ್ಟು ಕಲಿತಿದೆ ಎಂದು ಅಳೆಯುವುದು. ನಾವು ಹಿಂದೆ ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆ ಎನ್ನುತ್ತಿದ್ದುದು ಇದೇ. ವರ್ಷಕ್ಕೆ ಎರಡು.

ಕಲಿಕಾ ಫಲ ಎಂದರೆ ಆ ತರಗತಿ ಮುಗಿಯುವ ಹೊತ್ತಿಗೆ ಮಗು ಏನು ಮಾಡಬಲ್ಲದಾಗಿರಬೇಕು ಎಂಬ ಪಟ್ಟಿ. ‘ಭಾಗಾಕಾರ ಪಾಠ ಮುಗಿದಿದೆ’ ಎಂಬುದು ಕಲಿಕಾ ಫಲವಲ್ಲ. ‘ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುತ್ತದೆ’ ಎಂಬುದು ಕಲಿಕಾ ಫಲ. ಶಾಲಾ ಪಠ್ಯ ರೂಪಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ಪ್ರಾಥಮಿಕ ಹಂತಕ್ಕೆ ಇಂಥ ಪಟ್ಟಿಗಳನ್ನು ತರಗತಿವಾರು, ವಿಷಯವಾರು ಪ್ರಕಟಿಸಿತು.

ಇವುಗಳ ಜೊತೆಗೆ ಕೃತಿಸಂಪುಟ ಎಂಬುದೊಂದಿದೆ: ಮಗು ಮಾಡಿದ ಚಿತ್ರ, ಬರಹ, ಉತ್ತರ ಪತ್ರಿಕೆಗಳನ್ನು ಸೇರಿಸಿಟ್ಟ ಫೈಲು. ಪೋಷಕರಲ್ಲಿ ಬಹಳ ಜನ ಇದನ್ನು ನೋಡಿಯೇ ಇರುವುದಿಲ್ಲ. ನೋಡಬೇಕಾದ್ದು ಇದನ್ನೇ. ಯಾಕೆಂಬುದು ಮುಂದೆ ಬರುತ್ತದೆ.

ಅಂಕ ಗ್ರೇಡ್ ಆಗುವ ಬಗೆ

ರಾಜ್ಯ ಪಠ್ಯಕ್ರಮದ ಪ್ರಾಥಮಿಕ ಶಾಲೆಗಳ ಪ್ರಗತಿ ಪತ್ರದಲ್ಲಿ ವರ್ಷಗಳಿಂದ ಕಾಣುವ ಹಂಚಿಕೆ ಹೀಗಿದೆ: ಮೊದಲ ಅವಧಿಯಲ್ಲಿ ಎಫ್‌ಎ-1ಕ್ಕೆ 15, ಎಫ್‌ಎ-2ಕ್ಕೆ 15, ಎಸ್‌ಎ-1ಕ್ಕೆ 20. ಎರಡನೇ ಅವಧಿಯಲ್ಲಿ ಎಫ್‌ಎ-3ಕ್ಕೆ 15, ಎಫ್‌ಎ-4ಕ್ಕೆ 15, ಎಸ್‌ಎ-2ಕ್ಕೆ 20. ಒಟ್ಟು 100. ಅಂದರೆ ಎಫ್‌ಎಗಳ ಪಾಲು 60, ಎಸ್‌ಎಗಳ ಪಾಲು 40. ಒಟ್ಟು 90 ಅಥವಾ ಅದರ ಮೇಲೆ ಬಂದರೆ ಎ+, 70ರಿಂದ 89ಕ್ಕೆ ಎ, 50ರಿಂದ 69ಕ್ಕೆ ಬಿ+, 30ರಿಂದ 49ಕ್ಕೆ ಬಿ, ಅದರ ಕೆಳಗೆ ಸಿ. ನಿಮ್ಮ ಶಾಲೆಯ ಪತ್ರದಲ್ಲಿ ಅಂಕಿಗಳು ಬೇರೆಯಿದ್ದರೆ ಅವನ್ನೇ ಹಿಡಿಯಿರಿ. ಲೆಕ್ಕ ಹಾಕುವ ದಾರಿ ಬದಲಾಗುವುದಿಲ್ಲ.

ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳೋಣ. ಒಬ್ಬಳು ಕೊಟ್ಟ ಚಟುವಟಿಕೆಗಳನ್ನೆಲ್ಲ ಅಂದವಾಗಿ ಮಾಡಿ ಒಪ್ಪಿಸುವವಳು. ನಾಲ್ಕು ಎಫ್‌ಎಗಳಲ್ಲಿ 14, 14, 13, 14 ಬಂದು 55 ಆಯಿತು. ಎರಡು ಎಸ್‌ಎಗಳಲ್ಲಿ 9 ಮತ್ತು 8 ಬಂದು 17. ಒಟ್ಟು 72, ಗ್ರೇಡ್ ‘ಎ’. ಇನ್ನೊಬ್ಬ ಹೋಮ್‌ವರ್ಕ್ ಅರ್ಧಕ್ಕೇ ಬಿಡುವವನು, ಚಾರ್ಟ್ ತರದವನು. ಎಫ್‌ಎಗಳಲ್ಲಿ 8, 7, 9, 7, ಒಟ್ಟು 31. ಎಸ್‌ಎಗಳಲ್ಲಿ 19 ಮತ್ತು 18, ಅಂದರೆ 37. ಎಲ್ಲ ಕೂಡಿದರೆ 68, ಗ್ರೇಡ್ ‘ಬಿ+’.

ಪರೀಕ್ಷೆಯಲ್ಲಿ 40ಕ್ಕೆ 17 ತೆಗೆದವಳು ಮೇಲೆ, 37 ತೆಗೆದವನು ಕೆಳಗೆ. ಇಬ್ಬರ ಪ್ರಗತಿ ಪತ್ರವೂ ನಿಯಮದ ಪ್ರಕಾರ ಸರಿಯಾಗಿಯೇ ಇದೆ. ಕೊನೆಯ ಅಕ್ಷರವನ್ನಷ್ಟೇ ನೋಡಿದವರಿಗೆ ಮಾತ್ರ, ಮೊದಲನೆಯವಳಿಗೆ ತುರ್ತಾಗಿ ಸಹಾಯ ಬೇಕು ಎಂಬುದು ಗೊತ್ತಾಗುವುದಿಲ್ಲ.

ಸಿಬಿಎಸ್‌ಇ ಶಾಲೆಗಳಲ್ಲಿ ತೂಕ ಬೇರೆ. 2017ರಲ್ಲಿ ಆ ಮಂಡಳಿ 6ರಿಂದ 8ನೇ ತರಗತಿಗೆ ಹೊರಡಿಸಿದ ಮಾದರಿಯಲ್ಲಿ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಇತ್ತು. ಈ ಮಾದರಿಯನ್ನು ಈಗಲೂ ಇಟ್ಟುಕೊಂಡಿರುವ ಶಾಲೆಗಳುಂಟು. ಆ 20ರಲ್ಲಿ 5 ಅಂಕ ನೋಟ್‌ಬುಕ್‌ಗೇ ಮೀಸಲು. ಅಳೆಯುವುದು ಏನನ್ನು? ನಿಯಮಿತವಾಗಿ ಬರೆದಿದೆಯೇ, ಕೊಟ್ಟ ಕೆಲಸ ಪೂರ್ತಿಯಾಗಿದೆಯೇ, ಪುಸ್ತಕ ಅಚ್ಚುಕಟ್ಟಾಗಿದೆಯೇ. ಮೂರಕ್ಕೆ ಮೂರೂ ಕೆಲಸದ ಅಳತೆಗಳೇ. ಇಲ್ಲಿ ಒಂದು ಒಳ್ಳೆಯ ಅಂಶವಿದೆ: ಅದನ್ನು ಮುಚ್ಚಿಡದೆ ಬೇರೆಯಾಗಿ ಬರೆದಿದ್ದಾರೆ, ಪಾಲೂ ಚಿಕ್ಕದು.

ಚಟುವಟಿಕೆಯೊಳಗೆ ಕೆಲಸದ ಅಂಕ ನುಸುಳುವುದು ಎಲ್ಲಿ

ಎಫ್‌ಎ ಎಂದರೆ ಕೆಲಸ, ಎಸ್‌ಎ ಎಂದರೆ ಸಾಮರ್ಥ್ಯ ಎಂದು ಗೆರೆ ಎಳೆದುಬಿಟ್ಟರೆ ಅದೂ ತಪ್ಪೇ. ಎಫ್‌ಎ ಹುಟ್ಟಿದ್ದು ಸಾಮರ್ಥ್ಯವನ್ನು ಹತ್ತಿರದಿಂದ ನೋಡುವುದಕ್ಕೆ. ಅದು ಕೆಲಸದ ಅಳತೆಯಾಗಿ ಜಾರುವುದು ಅಂಕ ಕೊಡುವ ಮಾನದಂಡದಲ್ಲಿ.

ಒಂದು ಚಟುವಟಿಕೆ ತೆಗೆದುಕೊಳ್ಳಿ: ‘ನಿನ್ನ ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆ’, 10 ಅಂಕ. ಹೇಳಿದ ದಿನಕ್ಕೆ ತಂದಿದ್ದರೆ 2, ಅಂದವಾಗಿ ಬರೆದಿದ್ದರೆ 2, ಬಣ್ಣ ತುಂಬಿದ್ದರೆ 2, ದಿಕ್ಕು ಸರಿಯಿದ್ದರೆ 2, ಚಿಹ್ನೆಗಳನ್ನು ಬಳಸಿದ್ದರೆ 2 ಎಂದು ಹಂಚಿದರೆ, ನಕ್ಷೆ ಎಂದರೇನೆಂದೇ ಗೊತ್ತಿಲ್ಲದ ಮಗುವಿಗೂ 6 ಸಿಗುತ್ತದೆ. ಉತ್ತರ ದಿಕ್ಕನ್ನು ಗುರುತು ಮಾಡಿ, ದೇವಸ್ಥಾನ, ಕೆರೆ, ಅಂಗಡಿಗಳನ್ನು ಅವಿರುವ ಜಾಗದಲ್ಲೇ ತೋರಿಸಿ, ಆದರೆ ಪೆನ್ಸಿಲಲ್ಲಿ ಗೀಚಿದಂತೆ ಬರೆದು ಮರುದಿನ ತಂದ ಮಗುವಿಗೆ 4. ಚಟುವಟಿಕೆಯನ್ನು ಬದಲಿಸದೆ ಮಾನದಂಡವನ್ನಷ್ಟೇ ಬದಲಿಸಿ ನೋಡಿ. ದಿಕ್ಕಿಗೆ 3, ಚಿಹ್ನೆಗೆ 2, ಯಾವುದು ಹತ್ತಿರ ಯಾವುದು ದೂರ ಎಂಬುದು ಕಾಣುವುದಕ್ಕೆ 2, ‘ಅಂಚೆ ಕಚೇರಿಯಿಂದ ನಿನ್ನ ಮನೆ ಯಾವ ದಿಕ್ಕಿಗಿದೆ?’ ಎಂದು ಕೇಳಿದಾಗ ನಕ್ಷೆ ನೋಡಿ ಹೇಳಿದ್ದಕ್ಕೆ 3. ಈಗ ಅದೇ 10 ಅಂಕ ಸಾಮರ್ಥ್ಯವನ್ನು ಹೇಳುತ್ತದೆ.

ಯೋಜನಾಕಾರ್ಯಗಳ ಕಥೆ ಇನ್ನೂ ತೊಡಕಿನದು. ಥರ್ಮೋಕೋಲಿನ ಸೌರಮಂಡಲ, ಜಲಚಕ್ರದ ಚಾರ್ಟ್‌ಗಳನ್ನು ಪಟ್ಟಣದ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿಯೇ ಕೊಳ್ಳಬಹುದು. ಕೊಳ್ಳಲಾಗದ ಮನೆಯಲ್ಲಿ ಅಕ್ಕನೋ ಅಪ್ಪನೋ ರಾತ್ರಿ ಕೂತು ಮಾಡಿಕೊಡುತ್ತಾರೆ. ಅಲ್ಲಿ ಅಳೆದದ್ದು ಮನೆಯವರ ಬಿಡುವನ್ನೂ ಜೇಬನ್ನೂ. ಗುಂಪು ಚಟುವಟಿಕೆಯಲ್ಲಿ ಐವರಿಗೂ ಒಂದೇ ಅಂಕ ಬಿದ್ದಾಗ ಮಾಡಿದ ಇಬ್ಬರು, ನೋಡಿದ ಮೂವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದಕ್ಕೆ ಅನುಭವಿ ಶಿಕ್ಷಕರು ಮಾಡುವ ಉಪಾಯ ಸರಳ: ಚಾರ್ಟ್ ಮಡಚಿ ಪಕ್ಕಕ್ಕಿಟ್ಟು, ಪ್ರತಿ ಮಗುವಿಗೆ ಅದರ ಬಗ್ಗೆ ಎರಡೇ ಪ್ರಶ್ನೆ ಕೇಳಿ, ಆ ಉತ್ತರಕ್ಕೆ ಅಂಕ ಕೊಡುವುದು.

ನೋಟ್‌ಬುಕ್ಕಿನ ವಿಷಯಕ್ಕೆ ಬನ್ನಿ. ಬೋರ್ಡಿನ ಮೇಲೆ ಶಿಕ್ಷಕರು ಬಿಡಿಸಿದ ಲೆಕ್ಕವನ್ನು ಮಕ್ಕಳು ಬರೆದುಕೊಳ್ಳುತ್ತಾರೆ. ಮರುದಿನ ಕೆಂಪು ಶಾಯಿಯಲ್ಲಿ ರೈಟ್, ತಾರೀಖು, ಸಹಿ. ಪುಟ ತಿರುವಿದಷ್ಟೂ ರೈಟ್‌ಗಳೇ. ಅದೇ ಮಗುವಿಗೆ ಖಾಲಿ ಹಾಳೆಯಲ್ಲಿ 52ರಿಂದ 27 ಕಳೆಯಲು ಕೊಟ್ಟರೆ 35 ಎಂದು ಬರೆಯುತ್ತದೆ. ಹೇಗೆ? ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ, ಆದ್ದರಿಂದ ದೊಡ್ಡದರಿಂದ ಚಿಕ್ಕದನ್ನು, ಅಂದರೆ 7ರಿಂದ 2 ಕಳೆದು 5 ಬರೆಯಿತು. ಆಮೇಲೆ 5ರಿಂದ 2 ಕಳೆದರೆ 3. ಇದು ಅಜಾಗರೂಕತೆಯ ತಪ್ಪಲ್ಲ, ಮಗು ತಾನೇ ಕಟ್ಟಿಕೊಂಡ ನಿಯಮ. ಹತ್ತರ ಸ್ಥಾನದಿಂದ ಒಂದು ಹತ್ತನ್ನು ಬಿಡಿಸಿ ತರುವುದು ಅದಕ್ಕೆ ಅರ್ಥವೇ ಆಗಿಲ್ಲ. ನಕಲು ಮಾಡಿದ ನೂರು ಲೆಕ್ಕಗಳಲ್ಲಿ ಈ ತಪ್ಪು ಒಂದು ಸಲವೂ ಕಾಣದು.

ಕನ್ನಡದಲ್ಲೂ ಇಂಥದೇ ಮರೆಯಿದೆ. ದುಂಡಗಿನ ಅಕ್ಷರದಲ್ಲಿ ಇಡೀ ಪಾಠವನ್ನು ಕಾಪಿ ಮಾಡುವ ಮಗು, ಅದೇ ಸಾಲನ್ನು ಓದಲು ಹೇಳಿದರೆ ‘ವಿಜ್ಞಾನ’, ‘ಸ್ವಾತಂತ್ರ್ಯ’ಗಳ ಹತ್ತಿರ ನಿಂತುಬಿಡುತ್ತದೆ. ಒತ್ತಕ್ಷರವನ್ನು ಅದು ಚಿತ್ರದಂತೆ ನೋಡಿ ಬಿಡಿಸಿದೆ, ಓದಿಲ್ಲ. ದುಂಡು ಬರಹಕ್ಕೆ ಸಿಕ್ಕ ‘ಗುಡ್’ ಓದಿಗೂ ಸಿಕ್ಕಿದೆ ಎಂದು ಮನೆಯವರು ತಿಳಿಯುತ್ತಾರೆ.

ಸೊನ್ನೆಯ ಪೆಟ್ಟು, ಸರಾಸರಿಯ ಮರೆ

ಐದು ಕೆಲಸಗಳಲ್ಲಿ ನಾಲ್ಕಕ್ಕೆ ನೂರಕ್ಕೆ 80ರಂತೆ ಬಂದು, ಒಂದನ್ನು ಕೊಡದೆ ಸೊನ್ನೆ ಬಿದ್ದರೆ ಸರಾಸರಿ 64. ‘ಎ’ ಇದ್ದದ್ದು ‘ಬಿ+’ ಆಯಿತು. ಆ ಮಗುವಿನ ತಿಳಿವಳಿಕೆ 80ರಿಂದ 64ಕ್ಕೆ ಇಳಿಯಿತೇ? ಇಲ್ಲ. ಆ ಐದನೆಯ ಕೆಲಸದ ಬಗ್ಗೆ ಶಿಕ್ಷಕರಿಗೆ ಏನೂ ಗೊತ್ತಿಲ್ಲ, ಅಷ್ಟೆ. ಗೊತ್ತಿಲ್ಲದ್ದನ್ನು ಸೊನ್ನೆ ಎಂದು ಬರೆದಾಗ ಅದು ‘ಏನೂ ಬರುವುದಿಲ್ಲ’ ಎಂಬ ಲೆಕ್ಕಕ್ಕೆ ಸೇರುತ್ತದೆ. ಜ್ವರ ಬಂದು ವಾರ ಮಲಗಿದ ಮಗು, ಸುಗ್ಗಿಗೆ ಅಪ್ಪ ಅಮ್ಮನ ಜೊತೆ ಬೇರೆ ಊರಿಗೆ ಹೋದ ಮಗು, ಇಬ್ಬರಿಗೂ ಇದು ಬೀಳುತ್ತದೆ. ‘ಗೈರು’ ಎಂದು ಬರೆದಿಟ್ಟು, ಬಂದ ಮೇಲೆ ಅದೇ ಕಲಿಕಾ ಫಲಕ್ಕೆ ಬೇರೊಂದು ಚಿಕ್ಕ ಚಟುವಟಿಕೆ ಕೊಡುವುದು ಸರಿಯಾದ ದಾರಿ.

ಸರಾಸರಿ ಇನ್ನೊಂದನ್ನೂ ಮರೆಮಾಡುತ್ತದೆ. ಒಂದು ಮಗುವಿನ ವರ್ಷದ ಅಂಕಗಳು ಅನುಕ್ರಮವಾಗಿ (ಎಫ್‌ಎ-1, ಎಫ್‌ಎ-2, ಎಸ್‌ಎ-1, ಎಫ್‌ಎ-3, ಎಫ್‌ಎ-4, ಎಸ್‌ಎ-2) 5, 6, 9, 12, 13, 18 ಎಂದಿಟ್ಟುಕೊಳ್ಳಿ. ಕೂಡಿದರೆ 63. ಇನ್ನೊಂದರದು 9, 10, 13, 9, 9, 13. ಅದೂ 63. ಇಬ್ಬರಿಗೂ ಬಿ+. ಮೊದಲನೆಯ ಮಗು ಜೂನ್‌ನಲ್ಲಿ ಒದ್ದಾಡಿ ಮಾರ್ಚ್ ಹೊತ್ತಿಗೆ ಪರೀಕ್ಷೆಯಲ್ಲಿ 20ಕ್ಕೆ 18 ತೆಗೆದಿದೆ. ಅದಕ್ಕೆ ಈಗ ಆ ವಿಷಯ ಬರುತ್ತದೆ. ಎರಡನೆಯದು ಇದ್ದಲ್ಲೇ ಇದೆ. ಹಳೆಯ ತಪ್ಪನ್ನು ಕೊನೆಯವರೆಗೆ ಹೊತ್ತು ತರುವುದು ಸರಾಸರಿಯ ಸ್ವಭಾವ. ಆದ್ದರಿಂದ ಪ್ರಗತಿ ಪತ್ರವನ್ನು ಬಲಗಡೆಯ ಕೊನೆಯ ಅಂಕಣದಿಂದ ಓದದೆ ಎಡದಿಂದ ಬಲಕ್ಕೆ, ಒಂದೊಂದೇ ಅಂಕಿ ನೋಡುತ್ತ ಓದಬೇಕು.

ಪರೀಕ್ಷೆಯ ಅಂಕವೇ ಸಾಮರ್ಥ್ಯವೆನ್ನಬಹುದೇ?

ಅದೂ ಪೂರ್ತಿ ಅಲ್ಲ. ಪಾಠದ ಕೊನೆಯ ಪ್ರಶ್ನೋತ್ತರಗಳನ್ನೇ ಪ್ರಶ್ನೆ ಪತ್ರಿಕೆಯಲ್ಲಿ ಕೇಳಿದರೆ ಅಳೆಯುವುದು ಬಾಯಿಪಾಠವನ್ನು. ‘ಸಸ್ಯಗಳು ಆಹಾರ ತಯಾರಿಸುವ ಕ್ರಿಯೆಗೆ ಏನೆನ್ನುತ್ತಾರೆ?’ ಎಂಬುದಕ್ಕೆ ‘ದ್ಯುತಿಸಂಶ್ಲೇಷಣೆ’ ಎಂದು ಬರೆದ ಮಗುವಿಗೆ, ಕತ್ತಲ ಕೋಣೆಯಲ್ಲಿಟ್ಟ ಗಿಡ ಯಾಕೆ ಬಿಳಿಚಿಕೊಳ್ಳುತ್ತದೆ ಎಂಬುದು ಗೊತ್ತಿರಲೇಬೇಕೆಂದಿಲ್ಲ.

ಗಣಿತದಲ್ಲಿ ಭಾಷೆ ಅಡ್ಡ ಬರುತ್ತದೆ. ‘8 ಬುಟ್ಟಿಗಳಲ್ಲಿ ತಲಾ 6 ಮಾವಿನಹಣ್ಣುಗಳಿವೆ, ಒಟ್ಟು ಎಷ್ಟು?’ ಎಂಬ ಲೆಕ್ಕದಲ್ಲಿ ‘ತಲಾ’ ಎಂಬ ಪದ ತಿಳಿಯದ ಮಗು 8ಕ್ಕೆ 6 ಕೂಡಿಸಿ 14 ಬರೆಯುತ್ತದೆ. ಆರರ ಮಗ್ಗಿ ಅದಕ್ಕೆ ಬಾಯಿಗೆ ಬರುತ್ತಿರಬಹುದು. ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ ಆಡುವ, ಶಾಲೆಯಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯುವ ಮಕ್ಕಳಿಗೆ ಇದು ಹೆಚ್ಚು. ಬರೆಯುವ ವೇಗ ಕಡಿಮೆಯಿದ್ದರೂ, ಬೋರ್ಡು ಸರಿಯಾಗಿ ಕಾಣದಿದ್ದರೂ ಗೊತ್ತಿದ್ದ ಉತ್ತರ ಹಾಳೆಗೆ ಬರುವುದಿಲ್ಲ.

ಈ ಕೊರತೆಗಳಿಂದಲೇ ಒಂದೇ ದಿನದ ಪರೀಕ್ಷೆಯನ್ನು ನೆಚ್ಚಿಕೊಳ್ಳಬಾರದು ಎಂಬ ಯೋಚನೆ ಬಂದದ್ದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳುತ್ತದೆ. ಅದು ಏನನ್ನು ಅಳೆಯಬೇಕು ಎಂಬುದನ್ನೂ ಅಲ್ಲೇ ಹೇಳಿದೆ: ಮಗುವಿಗೆ ವಿಷಯ ಎಷ್ಟು ಅರ್ಥವಾಗಿದೆ, ಅರ್ಥವಾದದ್ದನ್ನು ಬಳಸುವ ಶಕ್ತಿ ಎಷ್ಟಿದೆ. ಪುಸ್ತಕಕ್ಕೆ ಬೈಂಡ್ ಹಾಕಿದೆಯೇ ಎಂಬುದು ಕಾಯ್ದೆಯಲ್ಲಿಲ್ಲ.

ಹಾಗಂತ ಹೋಮ್‌ವರ್ಕ್ ಬೇಡವೆಂದಲ್ಲ. ಮಗ್ಗಿ, ಕಾಗುಣಿತ, ಭಾಗಾಕಾರ ಇವೆಲ್ಲ ಕೈಗೆ ಹತ್ತುವುದು ಮಾಡಿ ಮಾಡಿಯೇ. ಹೇಳಿದ ದಿನಕ್ಕೆ ಕೆಲಸ ಮುಗಿಸುವ ರೂಢಿ ಮಗುವಿಗೆ ಬೇಕಾದದ್ದೇ, ಅದನ್ನು ಶಾಲೆ ಮನೆಗೆ ತಿಳಿಸಬೇಕಾದದ್ದೂ ಹೌದು. ತೊಂದರೆ ಬರುವುದು ಅದನ್ನು ಗಣಿತದ ಅಂಕದೊಳಗೆ ಕಲಸಿದಾಗ. ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳು ತರುವ ಪ್ರಾಥಮಿಕ ಶಾಲೆಯ ರಿಪೋರ್ಟ್‌ಗಳಲ್ಲಿ ಹಲವು ಕಡೆ ಇವೆರಡೂ ಬೇರೆ ಬೇರೆ ಪಟ್ಟಿಯಲ್ಲಿರುತ್ತವೆ. ಪ್ರತಿ ಕಲಿಕಾ ಮಟ್ಟಕ್ಕೆ 1ರಿಂದ 4ರವರೆಗಿನ ಅಂಕಿ ಒಂದು ಕಡೆ, ಕೆಲಸದ ಅಭ್ಯಾಸಗಳು ಇನ್ನೊಂದು ಕಡೆ. ಅಲ್ಲಿ 3 ಎಂದರೆ ಸಾಮಾನ್ಯವಾಗಿ ‘ತರಗತಿಯ ಮಟ್ಟ ಮುಟ್ಟಿದೆ’ ಎಂದರ್ಥ. ಇಲ್ಲಿಂದ ಹೋದ ಅಜ್ಜ ಅಜ್ಜಿ ಅದನ್ನು ನಾಲ್ಕಕ್ಕೆ ಮೂರು, ಅಂದರೆ ಶೇಕಡಾ 75 ಎಂದು ಓದಿ ಬೇಸರ ಮಾಡಿಕೊಳ್ಳುವುದುಂಟು.

ನಲಿಕಲಿಯ ಏಣಿ

ಕಲಿತ ಮೇಲೆಯೇ ಮುಂದಕ್ಕೆ ಎಂಬ ಕ್ರಮ ನಮಗೇನೂ ಹೊಸದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1990ರ ದಶಕದ ನಡುವೆ ಯುನಿಸೆಫ್ ನೆರವಿನಿಂದ ಶುರುವಾದ ನಲಿಕಲಿ, ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1ರಿಂದ 3ನೇ ತರಗತಿಗಳಿಗೆ ಹರಡಿತು. ಅದರಲ್ಲಿ ಪಾಠಗಳ ಬದಲು ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳಿವೆ. ಮಗು ತನ್ನ ಮೆಟ್ಟಿಲಿನ ಕಾರ್ಡು ಹುಡುಕಿಕೊಂಡು, ಅದಕ್ಕೆ ತಕ್ಕ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ ಕೂರುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರ ತಟ್ಟೆಯಿಂದ ತಾನೇ ಕಲಿಯುವವರ ತಟ್ಟೆಯವರೆಗೆ ಐದು ತಟ್ಟೆಗಳು. ಮೈಲಿಗಲ್ಲಿನ ಮೌಲ್ಯಮಾಪನ ಮುಗಿದ ಮೇಲೆ ಮುಂದಿನ ಮೆಟ್ಟಿಲು, ಪ್ರಗತಿ ನೋಟದ ಹಾಳೆಯಲ್ಲಿ ಗುರುತು.

ಇದು ಸರಿಯಾಗಿ ನಡೆದ ಕಡೆ ‘ಈ ಮಗು ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದೆ’ ಎಂದು ಖಚಿತವಾಗಿ ಹೇಳಬಹುದು. ಗ್ರೇಡ್‌ಗಿಂತ ಎಷ್ಟೋ ಹೆಚ್ಚಿನ ಮಾಹಿತಿ. ಆದರೆ ಇಲ್ಲಿಯೂ ಕಾರ್ಡು ಮುಗಿದದ್ದಕ್ಕೇ ಗುರುತು ಹಾಕಿ, ಕಾರ್ಡಿನಲ್ಲಿದ್ದದ್ದು ಬಂತೇ ಎಂದು ನೋಡದೆ ಮೇಲಕ್ಕೆ ಕಳಿಸಿದರೆ ಏಣಿಯೂ ಬರೀ ಕೆಲಸದ ಪಟ್ಟಿಯಾಗುತ್ತದೆ. ಕೋವಿಡ್ ನಂತರ 2022-23ರಲ್ಲಿ ನಡೆದ ‘ಕಲಿಕಾ ಚೇತರಿಕೆ’ ಕಾರ್ಯಕ್ರಮದ ಕಲಿಕಾ ಹಾಳೆಗಳಿಗೂ ಇದೇ ಮಾತು.

ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ

ಕಾಲು ಗಂಟೆ ಸಾಕು. ನೋಟ್‌ಬುಕ್ ಮುಚ್ಚಿಡಿ. ‘ಪರೀಕ್ಷೆ’ ಎನ್ನಬೇಡಿ.

ಹಳ್ಳಿಯ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಎಂದು ನೋಡುವ ‘ಅಸರ್’ ಸಮೀಕ್ಷೆಯ ವಿಧಾನ ಇಲ್ಲಿ ಬಳಸಲು ಹೇಳಿಮಾಡಿಸಿದಂತಿದೆ. 2005ರಿಂದ ನಡೆಯುತ್ತಿರುವ ಈ ಸಮೀಕ್ಷೆಯವರು ಮನೆಗೇ ಬಂದು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ನೋಡುತ್ತಾರೆ. ಓದಿಗೆ ನಾಲ್ಕು ಹಂತ: ಅಕ್ಷರ, ಪದ, 1ನೇ ತರಗತಿ ಮಟ್ಟದ ನಾಲ್ಕು ಸಾಲು, 2ನೇ ತರಗತಿ ಮಟ್ಟದ ಚಿಕ್ಕ ಕಥೆ. ಗಣಿತಕ್ಕೂ ನಾಲ್ಕು: ಒಂದಂಕಿ ಗುರುತಿಸುವುದು, ಎರಡಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಎರಡಂಕಿ ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಅಷ್ಟೇ. ಇಷ್ಟು ಸರಳ ಅಳತೆಯಲ್ಲೂ ಗ್ರಾಮೀಣ ಭಾರತದ 5ನೇ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ 2ನೇ ತರಗತಿಯ ಕಥೆ ಓದಲಾರರು ಎಂದು ವರದಿಗಳು ಮತ್ತೆ ಮತ್ತೆ ಹೇಳುತ್ತ ಬಂದಿವೆ. ಈ ಮಕ್ಕಳೂ ಪ್ರತಿ ವರ್ಷ ಗ್ರೇಡ್ ಪಡೆದೇ ಮುಂದಿನ ತರಗತಿಗೆ ಬಂದವರು.

ನಾಲ್ಕೈದನೇ ತರಗತಿಯ ಮಗುವಿಗೆ ಗಣಿತದಲ್ಲಿ ಮೂರು ಲೆಕ್ಕ ಕೊಡಿ. 52ರಿಂದ 27 ಕಳೆ. 503ರಿಂದ 248 ಕಳೆ. 618ನ್ನು 6ರಿಂದ ಭಾಗಿಸು. ಉತ್ತರ 25, 255, 103. ಉತ್ತರ ತಪ್ಪಾದರೆ ಏನು ಬರೆದಿದೆ ಎಂದು ನೋಡಿ, ಕಾರಣ ಅದರೊಳಗೇ ಇರುತ್ತದೆ. ಎರಡನೆಯದಕ್ಕೆ 345 ಬಂದರೆ ಹಿಂದೆ ಹೇಳಿದ ‘ದೊಡ್ಡದರಿಂದ ಚಿಕ್ಕದು’ ನಿಯಮ. ಮೊದಲನೆಯದು ಸರಿಯಾಗಿ, ಎರಡನೆಯದು ಮಾತ್ರ ತಪ್ಪಿದರೆ ನಡುವಿನ ಸೊನ್ನೆಯನ್ನು ದಾಟಿ ನೂರರ ಸ್ಥಾನದಿಂದ ತರುವುದು ಗೊತ್ತಿಲ್ಲ. ಮೂರನೆಯದಕ್ಕೆ 13 ಬಂದರೆ, 1ರಲ್ಲಿ 6 ಹೋಗದಿದ್ದಾಗ ಸೊನ್ನೆ ಬರೆಯಬೇಕು ಎಂಬುದು ಬಿಟ್ಟುಹೋಗಿದೆ. ಮೂರೂ ಬೇರೆ ಬೇರೆ ತೊಡಕು, ಮೂರಕ್ಕೂ ಬೇರೆ ಬೇರೆ ಪಾಠ ಬೇಕು. ‘ಗಣಿತದಲ್ಲಿ ವೀಕ್’ ಎಂಬ ಮಾತಿನಿಂದ ಮಗುವಿಗಾಗಲಿ ಟ್ಯೂಷನ್‌ನವರಿಗಾಗಲಿ ಏನೂ ತಿಳಿಯುವುದಿಲ್ಲ.

ಓದಿಗೆ, ಪಠ್ಯಪುಸ್ತಕ ಬೇಡ. ಕೇಳಿ ಕೇಳಿ ಬಾಯಿಪಾಠವಾಗಿರುತ್ತದೆ. ನೋಡಿರದ ಮಕ್ಕಳ ಕಥೆಯ ಐದಾರು ಸಾಲು, ಅಥವಾ ಪತ್ರಿಕೆಯ ಪುಟ್ಟ ಸುದ್ದಿ ಓದಿಸಿ. ಒತ್ತಕ್ಷರ ಕಡಿಮೆಯಿರುವ ಸಾಲು ಮೊದಲು, ಹೆಚ್ಚಿರುವುದು ಆಮೇಲೆ. ಓದಿದ ಮೇಲೆ ‘ಯಾಕೆ ಹಾಗಾಯಿತು?’ ಎಂಬ ಒಂದು ಪ್ರಶ್ನೆ. ಸರಾಗವಾಗಿ ಓದಿ ಉತ್ತರ ಹೇಳದಿದ್ದರೆ ತೊಡಕು ಅರ್ಥದಲ್ಲಿದೆ. ತಡವರಿಸಿ ಓದಿ ಉತ್ತರ ಸರಿ ಹೇಳಿದರೆ ಅಕ್ಷರದ ಅಭ್ಯಾಸ ಸಾಲದು.

ಸರಿಯಾಗಿ ಮಾಡಿದ್ದನ್ನೇ ಎರಡು ವಾರ ಬಿಟ್ಟು ಮತ್ತೆ ಕೊಟ್ಟು ನೋಡಿ. ಆಗಲೂ ಬಂದರೆ ಅದು ಕಲಿತದ್ದು.

ಎರಡು ಅಂಕಣಗಳ ನಡುವಿನ ಅಂತರ

ಈಗ ಮತ್ತೆ ಪ್ರಗತಿ ಪತ್ರ ತೆಗೆಯಿರಿ. ಎಫ್‌ಎಗಳನ್ನು ಕೂಡಿ ಅವುಗಳ ಗರಿಷ್ಠಕ್ಕೆ ಶೇಕಡಾ ಎಷ್ಟು ಎಂದು ಬರೆಯಿರಿ, ಎಸ್‌ಎಗಳಿಗೂ ಹಾಗೇ. ಮೇಲಿನ ಹುಡುಗಿಯದು 60ಕ್ಕೆ 55, ಅಂದರೆ ಸುಮಾರು 92. ಎಸ್‌ಎ 40ಕ್ಕೆ 17, ಅಂದರೆ ಸುಮಾರು 43. ನಾಲ್ಕೈದು ಅಂಕದ ಹಿಂದುಮುಂದು ಎಲ್ಲರಿಗೂ ಇರುತ್ತದೆ. ಇಷ್ಟು ದೊಡ್ಡ ಕಂದಕವಿದ್ದರೆ ಕಾರಣ ಹುಡುಕಲೇಬೇಕು.

ಎಫ್‌ಎ ಮೇಲೆ, ಎಸ್‌ಎ ಕೆಳಗೆ ಇದ್ದರೆ ನಕಲು, ಮನೆಯವರ ಕೈವಾಡ, ಸಡಿಲ ಮಾನದಂಡ ಇವು ಮೊದಲ ಅನುಮಾನಗಳು. ಪರೀಕ್ಷೆಯ ಭಯ, ನಿಧಾನ ಬರವಣಿಗೆಯೂ ಇರಬಹುದು. ಬಾಯಲ್ಲಿ ಕೇಳಿದಾಗ ಉತ್ತರ ಬಂದರೆ ಈ ಎರಡನೆಯ ಗುಂಪು. ಬಾಯಲ್ಲೂ ಬರದಿದ್ದರೆ ಮೊದಲನೆಯದು.

ಎಫ್‌ಎ ಕೆಳಗೆ, ಎಸ್‌ಎ ಮೇಲೆ ಇರುವ ಮಗುವಿಗೆ ‘ಸೋಮಾರಿ’ ಎಂಬ ಹೆಸರು ಬೇಗ ಅಂಟುತ್ತದೆ. ಬೈಯುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಮಗು ಕ್ಲಾಸಿನ ಕೆಲಸ ಪೂರ್ತಿ ಮಾಡುವುದಾದರೂ ಹೇಗೆ? ಸಂಜೆ ತಮ್ಮನನ್ನು ನೋಡಿಕೊಳ್ಳುವುದು, ಕೊಟ್ಟಿಗೆ ಕೆಲಸ, ಅಂಗಡಿಯಲ್ಲಿ ಕೂರುವುದು ಇವೂ ಕಾರಣಗಳೇ. ಗೊತ್ತಿರುವ ಲೆಕ್ಕವನ್ನೇ ಇಪ್ಪತ್ತು ಸಲ ಬರೆಯಲು ಬೇಜಾರಾಗುವ ಮಕ್ಕಳೂ ಇದ್ದಾರೆ.

ಎರಡೂ ಕೆಳಗಿದ್ದರೆ ಹಿಂದಿನ ತರಗತಿಯ ಕಲಿಕೆಯೇ ಎಲ್ಲೋ ತಪ್ಪಿದೆ. ಈ ತರಗತಿಯ ಪುಸ್ತಕದಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಈ ಅಂತರ ಮುಂದೆ ಎಲ್ಲಿ ಬಂದು ಬಡಿಯುತ್ತದೆ

ಶಿಕ್ಷಣ ಹಕ್ಕು ಕಾಯ್ದೆಯ 16ನೇ ಪ್ರಕರಣದ ಮೂಲ ರೂಪದಂತೆ 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸುವಂತಿರಲಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯ ಕೊನೆಗೆ ಪರೀಕ್ಷೆ ನಡೆಸಿ, ತೇರ್ಗಡೆಯಾಗದವರಿಗೆ ಹೆಚ್ಚುವರಿ ಪಾಠ ಮಾಡಿ, ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಲು ದಾರಿ ಮಾಡಿತು. ಅದರಲ್ಲೂ ಆಗದವರನ್ನು ಉಳಿಸಬೇಕೇ ಬೇಡವೇ ಎಂಬುದನ್ನು ಸರ್ಕಾರಗಳಿಗೆ ಬಿಟ್ಟಿತು. ಒಟ್ಟಿನಲ್ಲಿ 5 ಮತ್ತು 8 ಬಿಟ್ಟರೆ ಕೆಳಗಿನ ತರಗತಿಗಳಲ್ಲಿ ಗ್ರೇಡ್ ಏನೇ ಇದ್ದರೂ ಮಗು ಮುಂದಕ್ಕೆ ಹೋಗುತ್ತದೆ.

ಎಸ್‌ಎಸ್‌ಎಲ್‌ಸಿಗೆ ಬಂದಾಗ ತಕ್ಕಡಿ ತಿರುಗುತ್ತದೆ. ಅಲ್ಲಿ ಪ್ರಥಮ ಭಾಷೆಗೆ 125ರಲ್ಲಿ 25, ಉಳಿದ ವಿಷಯಗಳಿಗೆ 100ರಲ್ಲಿ 20 ಮಾತ್ರ ಆಂತರಿಕ ಅಂಕ. ಒಟ್ಟು 625ರಲ್ಲಿ 125. ಉಳಿದ 500 ಬರವಣಿಗೆಯ ಪರೀಕ್ಷೆಗೆ. ಪ್ರಾಥಮಿಕದಲ್ಲಿ 60ರ ಬಲದ ಮೇಲೆ ‘ಎ’ ತರುತ್ತಿದ್ದ ಮಗುವಿಗೆ ಆ ಬಲ 20ಕ್ಕೆ ಇಳಿದಿರುತ್ತದೆ. ‘ಏಳನೇ ಕ್ಲಾಸಿನವರೆಗೆ ಚೆನ್ನಾಗಿ ಓದುತ್ತಿದ್ದ, ಹೈಸ್ಕೂಲಿಗೆ ಬಂದು ಹಾಳಾದ’ ಎಂದು ಕೇಳುವ ಮಾತುಗಳಲ್ಲಿ ಕೆಲವಕ್ಕಾದರೂ ಕಾರಣ ಈ ತೂಕದ ಬದಲಾವಣೆ.

ಪೋಷಕರ ಸಭೆಯಲ್ಲಿ ಕೇಳಬೇಕಾದ್ದು

‘ನಮ್ಮ ಮಗ ಹೇಗೆ ಓದ್ತಾನೆ, ಮೇಷ್ಟ್ರೇ?’ ಎಂದರೆ ‘ಪರವಾಗಿಲ್ಲ, ಇನ್ನೂ ಓದಿಸಿ’ ಎಂಬ ಉತ್ತರವೇ ಬರುತ್ತದೆ. ನಲವತ್ತು ಮಕ್ಕಳ ಪೋಷಕರು ಸಾಲಾಗಿ ನಿಂತಿರುವಾಗ ಶಿಕ್ಷಕರು ಇನ್ನೇನು ಹೇಳಿಯಾರು? ಪ್ರಶ್ನೆಯನ್ನು ಚಿಕ್ಕದು ಮಾಡಿ. ‘ಎಫ್‌ಎಯಲ್ಲಿ ಇವನಿಗೆ 7 ಬಂದಿದೆ, ಅದು ಕೆಲಸ ಕೊಡದೆ ಕಡಿಮೆಯಾಯಿತೋ, ಕೊಟ್ಟದ್ದು ತಪ್ಪಾಗಿತ್ತೋ?’ ‘ಕೃತಿಸಂಪುಟ ಒಮ್ಮೆ ನೋಡಬಹುದಾ ಮೇಡಂ?’ ‘ಸಹಾಯವಿಲ್ಲದೆ ಇವನೇ ಮಾಡುವ ಲೆಕ್ಕ ಯಾವುದು, ನಿಲ್ಲುವುದು ಎಲ್ಲಿ?’ ಈ ಮೂರನೆಯ ಪ್ರಶ್ನೆಗೆ ತರಗತಿಯ ಶಿಕ್ಷಕರ ಬಳಿ ಸಾಮಾನ್ಯವಾಗಿ ಚೆನ್ನಾದ ಉತ್ತರವಿರುತ್ತದೆ, ಕೇಳುವವರು ಕಡಿಮೆ.

ಕೃತಿಸಂಪುಟ ಕೈಗೆ ಬಂದರೆ ಅಂದದ ಚಾರ್ಟುಗಳನ್ನು ದಾಟಿ ಕಿರು ಪರೀಕ್ಷೆಯ ಹಾಳೆಗಳಿಗೆ ಹೋಗಿ. ಜೂನ್‌ನದೊಂದು, ಸೆಪ್ಟೆಂಬರ್‌ನದೊಂದು ಪಕ್ಕಪಕ್ಕ ಇಡಿ. ಅದೇ ಬಗೆಯ ತಪ್ಪು ಎರಡರಲ್ಲೂ ಇದೆಯೇ, ಹೋಗಿದೆಯೇ ನೋಡಿ. ಸಾಧ್ಯವಾದರೆ ತಪ್ಪಾದ ಎರಡು ಲೆಕ್ಕಗಳ ಫೋಟೋ ತೆಗೆದುಕೊಳ್ಳಿ.

ಈ ಮಾತುಕತೆಗೆ ಸರಿಯಾದ ಹೊತ್ತು ದಸರಾ ರಜೆ ಮುಗಿದ ಮೊದಲ ವಾರಗಳು. ಎಸ್‌ಎ-1ರ ಉತ್ತರ ಪತ್ರಿಕೆ ಇನ್ನೂ ಶಾಲೆಯಲ್ಲಿರುತ್ತದೆ, ಎಫ್‌ಎ-3, ಎಫ್‌ಎ-4 ಮುಂದಿರುತ್ತವೆ. ಮಾರ್ಚ್‌ನಲ್ಲಿ ಹೋದರೆ ಶಿಕ್ಷಕರು ಕ್ರೋಢೀಕೃತ ಅಂಕಪಟ್ಟಿ ಬರೆಯುತ್ತ, ವಿದ್ಯಾರ್ಥಿಗಳ ದಾಖಲೆ ಇಡುವ ಇಲಾಖೆಯ ಸ್ಯಾಟ್ಸ್ ಪೋರ್ಟಲ್‌ನಲ್ಲಿ ಅಂಕ ತುಂಬುತ್ತ ಕೂತಿರುತ್ತಾರೆ.